ಸಣ್ಣ ಸುಖದ ಹಿಂದೆ ಯಾರಿದ್ದಾರೆ?

ಪ್ರಶ್ನೆ: ದಿನದ ಸಣ್ಣಪುಟ್ಟ ಸುಖಗಳನ್ನು ನೆನೆದು ಕೃತಜ್ಞರಾಗಿರಿ, ಅವನ್ನು ಬರೆದಿಡಿ ಎಂದು ಈಚೆಗೆ ಎಲ್ಲರೂ ಹೇಳುತ್ತಾರೆ. ಇದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಮಳೆಯನ್ನೇ ನಂಬಿ ಕೂತ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಅಂಥ ಸುಖವನ್ನು ಎಲ್ಲಿ ಹುಡುಕುವುದು?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಖಂಡಿತ ಆಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆಯಂತೆ 10 ವಾರ ತಮಗೆ ಒದಗಿದ ಒಳಿತುಗಳನ್ನು ಬರೆಯಿತು, ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಒಳಿತನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. 2005ರಲ್ಲಿ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆದು, ಅದನ್ನು ಖುದ್ದಾಗಿ ಒಯ್ದು ಕೊಟ್ಟವರ ಸಂತೋಷ ಸ್ಪಷ್ಟವಾಗಿ ಹೆಚ್ಚಿತು. ಒಂದು ತಿಂಗಳಾದರೂ ಅದು ಪೂರ್ತಿ ಇಳಿದಿರಲಿಲ್ಲ.

ನನಗೆ ಮುಖ್ಯವೆನಿಸುವುದು ಈ ಎರಡನೆಯದು. ಸುಖವನ್ನು ಬರೀ ಅನುಭವಿಸಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಅದರ ಹಿಂದೆ ಯಾರಿದ್ದಾರೆ ಎಂದು ಕೇಳಿಕೊಂಡಾಗ ಕೃತಜ್ಞತೆ ಶುರುವಾಗುತ್ತದೆ. ಹಾಗೆ ಕೇಳಿಕೊಳ್ಳಲು ನಿಮ್ಮ ಸೀಮೆಯಷ್ಟು ಒಳ್ಳೆಯ ಜಾಗ ಕಡಿಮೆ.

ಬೆಳಗ್ಗೆ ತಿನ್ನುವ ಮಂಡಕ್ಕಿ ಒಗ್ಗರಣೆಯನ್ನೇ ತೆಗೆದುಕೊಳ್ಳಿ. ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದದ್ದು ಶೇಂಗಾ. ಆ ಬಾಣಲೆಗೆ ಬಿದ್ದ ಎರಡು ಚಮಚ ಎಣ್ಣೆಯ ಹಿಂದೆ ಕೆಂಪು ನೆಲದಲ್ಲಿ ಮುಂಗಾರಿಗೆ ಬಿತ್ತಿದವರು, ಕಳೆ ತೆಗೆದವರು, ಬಳ್ಳಿ ಕಿತ್ತು ಕಾಯಿ ಬಿಡಿಸಿದವರು, ಮಿಲ್ಲಿನಲ್ಲಿ ಮೂಟೆ ಹೊತ್ತವರು ಎಲ್ಲರೂ ಇದ್ದಾರೆ. ಎಣ್ಣೆ ತೆಗೆದು ಉಳಿದ ಹಿಂಡಿ ದನಕ್ಕೆ ಹೋಗಿ ನಿಮ್ಮ ಚಹಾದ ಹಾಲಾಗುತ್ತದೆ. ಚಳಿಗೆ ಹೊದ್ದ ಕಂಬಳಿಯೂ ಹಾಗೆಯೇ: ಕುರಿಯ ಉಣ್ಣೆ ಕತ್ತರಿಸಿ, ನೂತು, ನೆಯ್ದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ ಕೈಗಳು ಅದರಲ್ಲಿವೆ.

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮದುವೆ ಮನೆಯಲ್ಲಿ ಕಣ್ಣಿಗೆ ಬೀಳುವುದು ಸೆರಗು, ಅಂಚು. ಮಗ್ಗದ ಮೇಲೆ ಉದ್ದಕ್ಕೆ ಎಳೆದ ಎಳೆಗಳ ಒಂದು ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಬೆರಳಲ್ಲೇ ಹುರಿ ಮಾಡಿ ಕೂಡಿಸಬೇಕು. ಈ ಕೆಲಸ ಸೀರೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದಿಲ್ಲದೆ ಮಗ್ಗದಲ್ಲಿ ಮುಂದಿನ ಸೀರೆಯೂ ಇಲ್ಲ.

ದುಡಿದ ಕೈಯ ಹೆಸರು ಉಳಿದಿರುವ ಜಾಗವೂ ಒಂದಿದೆ, ನಿಮ್ಮ ಪಕ್ಕದ ಬ್ರಹ್ಮಗಿರಿಗೆ ಹೋಗಿ ಬನ್ನಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೇ ಶತಮಾನದ ಬ್ರಹ್ಮಗಿರಿಯ ಬಂಡೆ ತಂದೆತಾಯಿಯ ಮಾತು ನಡೆಸು, ಜೀವಿಗಳಲ್ಲಿ ದಯೆ ಇಡು, ಸತ್ಯ ನುಡಿ, ಗುರುವನ್ನು ಗೌರವಿಸು ಎನ್ನುತ್ತದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಚಕ್ರವರ್ತಿಯ ಆಜ್ಞೆಯ ಜೊತೆ ಕೆಲಸ ಮಾಡಿದವನ ಹೆಸರೂ ಇಷ್ಟು ಕಾಲ ಬಾಳಿದೆ. ಹೆಸರು ಉಳಿಯದ ಕೈಗಳನ್ನು ನೆನೆಯುವ ಹೊಣೆ ನಮ್ಮದು.

ಚಳ್ಳಕೆರೆ ತಾಲ್ಲೂಕಿನ ತಳುಕು ಇನ್ನೊಂದು ಪಾಠ ಕಲಿಸುತ್ತದೆ. ಆ ಊರಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾಗಿದ್ದವರು, ಕುವೆಂಪು ಅವರ ಗುರುಗಳು. ಅವರು ತೀರಿಕೊಂಡದ್ದು 1939ರಲ್ಲಿ. ವರ್ಷಗಳು ಕಳೆದ ಮೇಲೆ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದಾಗ ಕುವೆಂಪು ಆ ಮಹಾಕಾವ್ಯವನ್ನು ಈ ಗುರುವಿಗೇ ಅರ್ಪಿಸಿದರು. ಉಪಕಾರ ನೆನೆಯುವುದಕ್ಕೆ ತಡವಾಯಿತು ಎಂಬುದಿಲ್ಲ. ಆದರೆ ಎದುರಿಗೆ ಇರುವವರಿಗೆ ಇವತ್ತೇ ಹೇಳಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಬಿತ್ತಿದ ಬೀಜದ ಸಾಲವೂ ತೀರದೆ ಕೂತ ರೈತನಿಗೆ ‘ಇದ್ದುದರಲ್ಲೇ ತೃಪ್ತಿಪಡು’ ಎನ್ನುವುದು ಕೃತಜ್ಞತೆಯ ಪಾಠವಲ್ಲ, ಕ್ರೌರ್ಯ. ನಷ್ಟವನ್ನು ನಷ್ಟ ಎಂದೇ ಹೇಳಬೇಕು, ಪರಿಹಾರವನ್ನು ಗಟ್ಟಿಯಾಗಿ ಕೇಳಬೇಕು. ಕಷ್ಟದ ದಿನದಲ್ಲಿ ನೆರೆಮನೆಯವರು ತಂದುಕೊಟ್ಟ ಬಿಸಿ ಮುದ್ದೆಯನ್ನು ನೆನೆಯುವುದಕ್ಕೆ ಆ ಕೇಳಿಕೆಯನ್ನು ಬಿಡಬೇಕಾಗಿಲ್ಲ.

ಕೃತಜ್ಞತೆ ಬಾಯಿಮಾತಿಗೆ ನಿಲ್ಲಬಾರದು ಎಂಬುದಕ್ಕೂ ನಿಮ್ಮಲ್ಲೇ ದಾರಿಯಿದೆ. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟರೆಂದು ಜನ ಇಂದಿಗೂ ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತು. ಸೀರೆಯನ್ನು ಹೊಗಳಿ ನೇಕಾರನ ಜೊತೆ ಕೂಲಿಗೆ ಚೌಕಾಸಿ ಮಾಡಿದರೆ ಆ ಹೊಗಳಿಕೆಗೆ ಬೆಲೆಯಿಲ್ಲ.

ಆದ್ದರಿಂದ ಹೀಗೆ ಮಾಡಿ. ದಿನವೂ ಬರೆಯಬೇಕೆಂಬ ಒತ್ತಡ ಬೇಡ, ವಾರಕ್ಕೊಂದು ಸಲ ಸಾಕು. ಆ ವಾರ ಹಿತವೆನಿಸಿದ ಒಂದು ಸಣ್ಣ ಸಂಗತಿಯನ್ನು ಬರೆದು, ಅದರ ಪಕ್ಕದಲ್ಲಿ ಅದನ್ನು ಸಾಧ್ಯವಾಗಿಸಿದವರ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಹೋಗಿ ಕೇಳಿ ತಿಳಿದುಕೊಳ್ಳಿ. ಹೋಟೆಲಿನ ಒಲೆ ಮುಂದೆ ನಿಂತ ಅಕ್ಕನಿಗೆ ‘ಒಗ್ಗರಣೆ ಬಹಳ ಚೆನ್ನಾಗಿತ್ತು ಅಕ್ಕ’ ಎಂದು ಹೇಳಿ. ಆಮೇಲೆ ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ನೋಡಿ. ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿ.