ಗುಂಡಿ ಒತ್ತುವ ಮುನ್ನ

ಪ್ರೀತಿಯ ಮಗಳೇ,

ಹೊಸದುರ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಸೇರಿಕೊಂಡೆ ಎಂದು ತಿಳಿದು ಮನಸ್ಸಿಗೆ ತುಂಬ ಸಂತೋಷವಾಯಿತು. ಈ ಪತ್ರ ನಿನಗೆಂದೇ ಬರೆದದ್ದು. ಆದರೂ ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗದ ಎಕ್ಸ್‌ರೇ ಕೋಣೆಗಳಿಗೆ ಹೊಸದಾಗಿ ಬಂದಿರುವ ನಿನ್ನ ಓರಗೆಯವರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾವು ಕೆಲಸ ಕಲಿತದ್ದು ಡಾರ್ಕ್‌ರೂಮಿನಲ್ಲಿ. ಕೆಂಪು ದೀಪದ ಕೆಳಗೆ ಡೆವಲಪರ್ ತೊಟ್ಟಿ, ಪಕ್ಕದಲ್ಲಿ ನೀರು, ಆಮೇಲೆ ಹೈಪೊ. ದ್ರಾವಣ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಅಷ್ಟನ್ನು ಕಾಯ್ದುಕೊಳ್ಳುವುದೇ ದೊಡ್ಡ ಕೆಲಸ. ಎಕ್ಸ್‌ಪೋಷರ್ ಹೆಚ್ಚಾದರೆ ಫಿಲ್ಮು ಕಪ್ಪು, ಕಡಿಮೆಯಾದರೆ ಬಿಳಿ. ಏನೇ ಹೆಚ್ಚುಕಡಿಮೆಯಾದರೂ ಅಲ್ಲೇ ಕಣ್ಣಿಗೆ ರಾಚುತ್ತಿತ್ತು. ನಿನ್ನ ಡಿಜಿಟಲ್ ಯಂತ್ರ ಹಾಗಲ್ಲ, ಅದು ತಪ್ಪನ್ನು ಮುಚ್ಚಿಡುತ್ತದೆ. ಬೇಕಾದ್ದಕ್ಕಿಂತ ಎರಡು ಪಟ್ಟು ಕಿರಣ ಹರಿಸಿದರೂ ಕಂಪ್ಯೂಟರ್ ಅದನ್ನು ಸರಿದೂಗಿಸಿ ನುಣುಪಾದ ಚಿತ್ರವನ್ನೇ ತೋರಿಸುತ್ತದೆ. ಕಿರಣ ಕಡಿಮೆಯಾದರೆ ಮಾತ್ರ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಹೀಗಾಗಿ 'ಯಾಕೆ ಬೇಕು ತಾಪತ್ರಯ' ಎಂದು ದಿನದಿಂದ ದಿನಕ್ಕೆ ಎಕ್ಸ್‌ಪೋಷರ್ ಏರಿಸುತ್ತಾ ಹೋಗುವ ಅಭ್ಯಾಸ ಎಷ್ಟೋ ಕಡೆ ಬೆಳೆದುಬಿಟ್ಟಿದೆ. ಹೆಚ್ಚಾದ ಕಿರಣ ತಾಗುವುದು ರೋಗಿಯ ಮೈಗೆ, ಅದು ಪರದೆಯ ಮೇಲೆ ಕಾಣುವುದಿಲ್ಲ. ಪ್ರತಿ ಚಿತ್ರದ ಅಂಚಿನಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಅಂಕಿ ಬರುತ್ತದಲ್ಲ, ಚಿತ್ರಕ್ಕಿಂತ ಮೊದಲು ಅದನ್ನು ನೋಡು. ಅದರ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಯಂತ್ರಗಳಲ್ಲಿ ಅಂಕಿ ಏರಿದರೆ ಕಿರಣ ಕಡಿಮೆಯಾಯಿತು ಎಂದರ್ಥ. ನಿನ್ನ ಯಂತ್ರದ ಲೆಕ್ಕ ಯಾವುದು ಎಂದು ಕೈಪಿಡಿ ತೆಗೆದು ಮೊದಲ ವಾರದಲ್ಲೇ ತಿಳಿದುಕೋ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು. ಒಳ್ಳೆಯ ಎಕ್ಸ್‌ರೇ ಆಗುವುದು ರೋಗಿಯನ್ನು ನಿಲ್ಲಿಸುವಾಗ, ಮಲಗಿಸುವಾಗ, ಅವರ ಜೊತೆ ಮಾತಾಡುವಾಗ. ಗುಂಡಿ ಒತ್ತಿದ ಮೇಲೆ ಕಂಪ್ಯೂಟರಿನಲ್ಲಿ ಬೆಳಕು ತಿದ್ದಬಹುದು, ಓರೆಯಾಗಿ ನಿಂತ ಎದೆಯನ್ನು ನೇರ ಮಾಡಲಾಗದು.

ಎದೆಯ ಎಕ್ಸ್‌ರೇಯನ್ನೇ ತೆಗೆದುಕೋ. ನಿನ್ನ ಕೋಣೆಯಲ್ಲಿ ಅತಿ ಹೆಚ್ಚು ತೆಗೆಯುವುದು ಅದೇ, ಅತಿ ಹೆಚ್ಚು ಕೆಡುವುದೂ ಅದೇ. ದೀಪದ ಮುಂದೆ ಹಿಡಿದ ಕೈ ಗೋಡೆಗೆ ಹತ್ತಿರವಾದಷ್ಟೂ ನೆರಳು ಕೈಯಷ್ಟೇ ಇದ್ದು ಅಂಚು ಚೂಪಾಗುತ್ತದಲ್ಲ, ಎಕ್ಸ್‌ರೇಯ ಲೆಕ್ಕವೂ ಅದೇ. ಹೃದಯ ಇರುವುದು ಎದೆಯ ಮುಂಭಾಗದಲ್ಲಿ. ಆದ್ದರಿಂದಲೇ ಎದೆಯನ್ನು ಡಿಟೆಕ್ಟರಿಗೆ ಒತ್ತಿ ನಿಲ್ಲಿಸಿ ಬೆನ್ನಿನ ಕಡೆಯಿಂದ ಕಿರಣ ಬಿಡುವುದು, ಟ್ಯೂಬನ್ನು 180 ಸೆಂಟಿಮೀಟರ್ ದೂರ ಇಡುವುದು. ಮಲಗಿದ ರೋಗಿಗೆ ಮುಂದಿನಿಂದ ತೆಗೆದರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಅನಿವಾರ್ಯವಾಗಿ ಹಾಗೆ ತೆಗೆದಾಗ 'ಎಪಿ, ಮಲಗಿಸಿ ತೆಗೆದದ್ದು' ಎಂದು ಚಿತ್ರದ ಮೇಲೇ ನಮೂದಿಸು. ಇಲ್ಲವಾದರೆ ಆರೋಗ್ಯವಾಗಿರುವ ಹೃದಯಕ್ಕೆ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ.

ಇನ್ನು ಉಸಿರು. 'ಉಸಿರು ಎಳ್ಕೊಳ್ಳಿ' ಎಂದು ಗಾಜಿನ ಹಿಂದಿನಿಂದ ಕೂಗಿದರೆ ಅಜ್ಜಿ ಭುಜ ಎತ್ತುತ್ತಾಳೆ, ಉಸಿರು ಎಳೆದುಕೊಳ್ಳುವುದಿಲ್ಲ. ಹತ್ತಿರ ಹೋಗಿ, ನೀನೇ ಎಳೆದು ಹಿಡಿದು ತೋರಿಸಿ, ಒಂದು ಸಲ ಅಭ್ಯಾಸ ಮಾಡಿಸು. ಹೊಳಲ್ಕೆರೆಯ ತಾಂಡಾದಿಂದ ಬಂದವರಿಗೆ ಲಂಬಾಣಿಯಲ್ಲಿ, ಹಿರಿಯೂರಿನ ಪೂರ್ವದ ಹಳ್ಳಿಯವರಿಗೆ ತೆಲುಗಿನಲ್ಲಿ, ಪೇಟೆಯ ಎಷ್ಟೋ ಜನಕ್ಕೆ ಉರ್ದುವಿನಲ್ಲಿ 'ಎಳ್ಕೊಳ್ಳಿ, ಹಿಡ್ಕೊಳ್ಳಿ' ಎಂಬ ಎರಡು ಮಾತು ಹೇಳಲು ಕಲಿತುಕೋ. ಚಿತ್ರ ಬಂದಾಗ ವಪೆಯ ಮೇಲೆ ಹಿಂದಿನ ಪಕ್ಕೆಲುಬುಗಳನ್ನು ಎಣಿಸು. ಒಂಬತ್ತೋ ಹತ್ತೋ ಕಂಡರೆ ಉಸಿರು ಸರಿ. ಏಳಕ್ಕೇ ನಿಂತರೆ ಶ್ವಾಸಕೋಶದ ಬುಡ ಮಬ್ಬಾಗಿ, ಇಲ್ಲದ ನ್ಯುಮೋನಿಯಾ ಇದ್ದಂತೆ ತೋರುತ್ತದೆ. ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿದ್ದರೆ ರೋಗಿ ನೇರ ನಿಂತಿದ್ದಾನೆ. ಭುಜದ ಹಲಗೆಗಳು ಶ್ವಾಸಕೋಶದಿಂದ ಆಚೆ ಸರಿದಿರಬೇಕು, ಅದರ ಕೆಳಗಿನ ಎರಡೂ ಮೂಲೆಗಳು ಚಿತ್ರದೊಳಗಿರಬೇಕು, ಹೃದಯದ ಹಿಂದೆ ಬೆನ್ನೆಲುಬು ನಸುವಾಗಿ ಕಾಣಬೇಕು.

ಮೈಮೇಲಿನ ವಸ್ತುಗಳ ವಿಷಯದಲ್ಲಿ ಸೂಕ್ಷ್ಮವಾಗಿರು. 1895ರ ಡಿಸೆಂಬರಿನಲ್ಲಿ ರಾಂಟ್ಜೆನ್ ತನ್ನ ಹೆಂಡತಿ ಬರ್ತಾಳ ಕೈಯ ಚಿತ್ರ ತೆಗೆದಾಗ ಬೆರಳಿನ ಉಂಗುರವೂ ಅಚ್ಚಾಗಿ ಬಿದ್ದಿತ್ತು. ನಮ್ಮ ಕಡೆ ಉಂಗುರಕ್ಕಿಂತ ದೊಡ್ಡ ಸಂಗತಿಗಳಿವೆ. ಎದೆಯ ಮೇಲೆ ಬೆಳ್ಳಿಯ ಕರಡಿಗೆ ಧರಿಸಿದ ಹಿರಿಯರು ಬರುತ್ತಾರೆ. 'ಅದನ್ನ ಬಿಚ್ಚಿ ಅಲ್ಲಿಡಿ' ಎನ್ನಬೇಡ, ಅವರದನ್ನು ಮೈಯಿಂದ ಅಗಲಿಸುವುದಿಲ್ಲ. ಶಿವದಾರ ಸಡಿಲಿಸಿ ಅವರ ಕೈಯಲ್ಲೇ ಹಿಡಿದುಕೊಳ್ಳಲು ಹೇಳು. ಎದೆಯ ಚಿತ್ರಕ್ಕೆ ಕೈ ಹೇಗೂ ಸೊಂಟದ ಮೇಲಿರುತ್ತದೆ, ಕರಡಿಗೆ ಚೌಕಟ್ಟಿನಿಂದ ಹೊರಗೆ ಉಳಿಯುತ್ತದೆ. ತಾಳಿಯನ್ನು ಕುತ್ತಿಗೆಯ ಮೇಲಕ್ಕೆ ಸರಿಸಿದರೆ ಸಾಕು. ಲಂಬಾಣಿ ಹೆಂಗಸರ ಕನ್ನಡಿ ಹೊಲಿದ ಕುಪ್ಪಸಕ್ಕೆ ಬದಲಾಗಿ ಒಗೆದ ಗೌನು ಕೊಡು. ಎಲ್ಲಕ್ಕಿಂತ ಮೋಸ ಮಾಡುವುದು ಜಡೆ. ಎಣ್ಣೆ ಹಚ್ಚಿ ಬಿಗಿದ ಜಡೆ ಭುಜದ ಮುಂದೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಮಚ್ಚೆಯಾಗಿ ಕಾಣುತ್ತದೆ. ಕ್ಷಯ ಕೂರುವುದೂ ಸಾಮಾನ್ಯವಾಗಿ ಆ ತುದಿಯಲ್ಲೇ. ಜಡೆಯನ್ನು ನೆತ್ತಿಗೆ ಎತ್ತಿ ಕಟ್ಟಿಸು.

ಟ್ಯೂಬಿನೊಳಗೆ ಏನಾಗುತ್ತದೆ ಎಂಬುದನ್ನು ಓದಿಯೇ ಬಂದಿದ್ದೀಯ. ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ಗೆ ಬಡಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 99 ಪಾಲು ಶಾಖವಾಗಿ ಹೋಗುತ್ತದೆ, ಉಳಿದ ಒಂದು ಪಾಲಷ್ಟೇ ಎಕ್ಸ್‌ರೇ. ಕೈಗೆ ಬೇಕಾದ ಲೆಕ್ಕ ಇಷ್ಟು: ಕೆವಿ ಎಂದರೆ ಕಿರಣ ತೂರಿಹೋಗುವ ಶಕ್ತಿ, ಎಂಎಎಸ್ ಎಂದರೆ ಕಿರಣದ ಪ್ರಮಾಣ. 60 ಎಂಎ ಮೊಬೈಲ್ ಯಂತ್ರದಲ್ಲಿ 6 ಎಂಎಎಸ್ ಬೇಕಾದರೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ, 300 ಎಂಎ ಯಂತ್ರದಲ್ಲಿ ಐವತ್ತನೇ ಒಂದು ಭಾಗ. ಕೆಮ್ಮುವ ಮುದುಕನ, ಅಳುವ ಮಗುವಿನ ಚಿತ್ರ ಕದಡುವುದು ಈ ವ್ಯತ್ಯಾಸದಿಂದ. ಸಣ್ಣ ಯಂತ್ರವಷ್ಟೇ ಇದ್ದರೆ ಕೆವಿಯನ್ನು ನೂರಕ್ಕೆ 15ರಷ್ಟು ಏರಿಸು, ಅಂದರೆ 60 ಇದ್ದದ್ದನ್ನು 69 ಮಾಡು, ಸಮಯವನ್ನು ಅರ್ಧಕ್ಕಿಳಿಸು. ಕಪ್ಪು-ಬಿಳುಪಿನ ಭೇದ ಸ್ವಲ್ಪ ತಗ್ಗುತ್ತದೆ, ಅಲುಗಾಟ ತಪ್ಪುತ್ತದೆ. ಅಂಥ ಹೊತ್ತಿನಲ್ಲಿ ಅದು ಲಾಭದ ವ್ಯಾಪಾರ.

ಈಗ ನಮ್ಮ ಜಿಲ್ಲೆಯದೇ ಒಂದು ವಿಷಯ. ಇಲ್ಲಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ತುಂಬ ಹೆಚ್ಚು ಫ್ಲೋರೈಡ್ ಇರುವ ನೀರು ವರ್ಷಾನುಗಟ್ಟಲೆ ಕುಡಿದವರ ಮೂಳೆ ಗಟ್ಟಿಯಾಗಿ, ಬೆನ್ನು ಬಗ್ಗದ ಸ್ಥಿತಿಗೆ ಬರಬಹುದು. ವೈದ್ಯರು ಅನುಮಾನಪಟ್ಟು ಮುಂಗೈ ಎಕ್ಸ್‌ರೇ ಬರೆದುಕೊಟ್ಟರೆ ಅವರು ಹುಡುಕುತ್ತಿರುವುದು ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದೆಯೇ ಎಂಬುದನ್ನು. ಅಂಗೈ ಮೇಲೆ ಮಾಡಿ ತೋಳನ್ನು ಪೂರ್ತಿ ಚಾಚಿಸಿದರೆ ಆ ನಡುವಿನ ಜಾಗ ತೆರೆದು ಕಾಣುತ್ತದೆ. ಅಂಗೈ ಮೇಜಿಗೆ ಕವುಚಿದ್ದರೆ ಒಂದು ಮೂಳೆ ಇನ್ನೊಂದರ ಮೇಲೆ ಅಡ್ಡ ಹಾದು, ನೋಡಬೇಕಾದದ್ದೇ ಮುಚ್ಚಿಹೋಗುತ್ತದೆ. ಇಂಥವರ ಮೊಣಕೈ ಸಲೀಸಾಗಿ ಚಾಚುವುದಿಲ್ಲ, ಒತ್ತಾಯ ಮಾಡದೆ ಕೆಳಗೆ ದಿಂಬು ಕೊಟ್ಟು ಸಾವಕಾಶ ಮಾಡು. ಕಂಪ್ಯೂಟರಿನ ಮೋಸ ಇಲ್ಲೂ ಇದೆ. ಗಟ್ಟಿಯಾದ ಮೂಳೆಯನ್ನೂ ಅದು ತನ್ನ ಲೆಕ್ಕಕ್ಕೆ ಹೊಂದಿಸಿ ಮಾಮೂಲಿ ಬಣ್ಣಕ್ಕೆ ತಂದುಬಿಡುತ್ತದೆ. ಬಳಸಿದ ಕೆವಿ, ಎಂಎಎಸ್ ಬರೆದು ಕಳಿಸು. ಅಷ್ಟು ಕಿರಣ ಬೇಕಾಯಿತು ಎಂಬುದೇ ಓದುವ ವೈದ್ಯರಿಗೆ ಒಂದು ಸುಳಿವು.

ಗಣಿ, ಕಲ್ಲುಕ್ವಾರಿ, ಕ್ರಷರ್‌ಗಳಲ್ಲಿ ದುಡಿದವರ ಎದೆಯ ಚಿತ್ರಕ್ಕೂ ಇಷ್ಟೇ ಕಾಳಜಿ ಬೇಕು. ಸಿಲಿಕೋಸಿಸ್‌ನ ಗಂಟುಗಳು ಕೆಲವೇ ಮಿಲಿಮೀಟರ್. ಎಕ್ಸ್‌ಪೋಷರ್ ಸಾಲದಿದ್ದರೆ ಸಹಜವಾದ ರಕ್ತನಾಳವೂ ಗಂಟಿನಂತೆ ಕಾಣುತ್ತದೆ. ಅಂಚು ಚೂಪಾಗಿಸುವ ಸಾಫ್ಟ್‌ವೇರ್ ಅತಿಯಾದರೂ ಇದೇ ಗತಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಲ್ಲಿ ರೋಗದ ಮಾತಿಗೆ ಮುನ್ನ ಚಿತ್ರದ ಗುಣಮಟ್ಟಕ್ಕೇ 1ರಿಂದ 4ರವರೆಗೆ ದರ್ಜೆ ಕೊಡುತ್ತಾರೆ. ನಾಲ್ಕು ಬಂದರೆ ಆ ಚಿತ್ರ ಲೆಕ್ಕಕ್ಕೇ ಇಲ್ಲ. ಒಬ್ಬ ಕೂಲಿಕಾರನ ಪರಿಹಾರ ಆ ದರ್ಜೆಯ ಮೇಲೆ ನಿಂತಿರಬಹುದು.

ನಿನ್ನ ತಾಲ್ಲೂಕಿನಲ್ಲೂ ಹೊಳಲ್ಕೆರೆಯಲ್ಲೂ ಅಡಿಕೆ, ತೆಂಗಿನ ಮರದಿಂದ ಬಿದ್ದವರು ಬರುತ್ತಾರೆ. ನಿಂತ ಕಾಲಿನ ಮೇಲೆ ಬಿದ್ದವರಿಗೆ ಹಿಮ್ಮಡಿ ಮೂಳೆ ಒಡೆಯುತ್ತದೆ. ಪಕ್ಕದಿಂದ ಒಂದು, ಅಂಗಾಲಿನ ಕಡೆಯಿಂದ ಓರೆಯಾಗಿ ಒಂದು ಚಿತ್ರ ತೆಗೆ. ಹಾಗೆ ಒಡೆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಕುಸಿದಿರುತ್ತದೆ. ಕಾಲಿನ ನೋವಿನ ಮುಂದೆ ಬೆನ್ನಿನದು ಅವರಿಗೆ ಗೊತ್ತೇ ಆಗದಿರಬಹುದು. ಚೀಟಿಯಲ್ಲಿ ಹಿಮ್ಮಡಿ ಎಂದಷ್ಟೇ ಇದ್ದರೆ ವೈದ್ಯರ ಬಳಿ ಹೋಗಿ, 'ಸಾರ್, ಮರದಿಂದ ಬಿದ್ದಿದ್ದಾರೆ, ಬೆನ್ನೂ ನೋಡಬೇಕಾ?' ಎಂದು ಕೇಳು. ಅದು ಅಧಿಕಪ್ರಸಂಗವಲ್ಲ. ಕೈಕಾಲಿಗೆ ಯಾವಾಗಲೂ ಒಂದಕ್ಕೊಂದು ಲಂಬವಾದ ಎರಡು ಚಿತ್ರ, ಉದ್ದ ಮೂಳೆಗೆ ಎರಡೂ ತುದಿಯ ಕೀಲು ಸೇರಿಸಿ.

ಹಿರಿಯೂರಿನಲ್ಲಿ, ದುರ್ಗದಲ್ಲಿ ಇರುವವರಿಗೆ ಒಂದು ಮಾತು: ಹೆದ್ದಾರಿ ಅಪಘಾತದವರ ಕುತ್ತಿಗೆ ತಿರುಗಿಸಬೇಡಿ. ರೋಗಿ ಮಲಗಿದ ಹಾಗೇ ಇರಲಿ, ಟ್ಯೂಬನ್ನು ಅಡ್ಡಕ್ಕೆ ತಿರುಗಿಸಿ ಪಕ್ಕದ ಚಿತ್ರ ತೆಗೆಯಿರಿ.

ಕೊಲಿಮೇಟರನ್ನು ಬೇಕಾದಷ್ಟಕ್ಕೇ ಮುಚ್ಚು. ಪೂರ್ತಿ ತೆರೆದು ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವುದನ್ನು ನಾನು ಒಪ್ಪುವುದೇ ಇಲ್ಲ. ತೆರೆದಷ್ಟೂ ಚದುರಿದ ಕಿರಣ ಹೆಚ್ಚಿ ಚಿತ್ರ ಮಂಕಾಗುತ್ತದೆ, ರೋಗಿಗೆ ಬೀಳುವುದೂ ಹೆಚ್ಚುತ್ತದೆ. ಹತ್ತು ಸೆಂಟಿಮೀಟರಿಗಿಂತ ದಪ್ಪದ ಭಾಗಕ್ಕೆ ಗ್ರಿಡ್ ಬಳಸು. ಎಡ-ಬಲದ ಸೀಸದ ಗುರುತನ್ನು ಎಕ್ಸ್‌ಪೋಷರಿಗೆ ಮೊದಲೇ ಇಡು, ಆಮೇಲೆ ಟೈಪ್ ಮಾಡುತ್ತೇನೆ ಎಂದುಕೊಳ್ಳಬೇಡ.

ಎದೆಯ ಒಂದು ಚಿತ್ರಕ್ಕೆ ರೋಗಿಗೆ ಸುಮಾರು 0.02 ಮಿಲಿಸೀವರ್ಟ್ ಸೇರಿದರೆ, ಸೊಂಟದ ಬೆನ್ನುಮೂಳೆಯ ಪರೀಕ್ಷೆಗೆ ಸುಮಾರು 1.5. ಎರಡನೇ ಸಲ ತೆಗೆಯುವ ಮುನ್ನ ಈ ಅಂಕಿ ನೆನಪಿರಲಿ. ಹೆಂಗಸರನ್ನು ಮುಟ್ಟಿನ ದಿನದ ಬಗ್ಗೆ ಅತ್ತೆಯ ಎದುರು ಕೇಳಬೇಡ, ಬಾಗಿಲು ಹಾಕಿದ ಮೇಲೆ ಒಬ್ಬರನ್ನೇ ಕೇಳು. ನೀನು ಹೆಣ್ಣುಮಗಳಾದ್ದರಿಂದ ನಿಜ ಹೇಳುತ್ತಾರೆ. ಮಗುವನ್ನು ಹಿಡಿಯಬೇಕಾದರೆ ಸೀಸದ ಏಪ್ರನ್ ತೊಡಿಸಿ ತಂದೆಯನ್ನೋ, ಗರ್ಭಿಣಿಯಲ್ಲದ ತಾಯಿಯನ್ನೋ ಕರೆ. ದಿನವೂ ಅದೇ ಕೆಲಸ ಮಾಡುವ ನೀನು ಹಿಡಿಯಬಾರದು. ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ನಿನ ಒಳಗೆ ಎದೆಯ ಮೇಲಿರಲಿ, ಮೇಜಿನ ಡ್ರಾಯರಿನಲ್ಲಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮಂಥ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಎಂದು ಮಿತಿ ಹಾಕಿದೆ. ನಿಯಮದಂತೆ ನಡೆದರೆ ನೀನು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇನ್ನೊಂದು ಕೆಲಸ ಈ ವಾರವೇ ಮಾಡು. ಮೇಜಿನ ಮೇಲೆ ಡಿಟೆಕ್ಟರ್ ಇಟ್ಟು, ಟ್ಯೂಬನ್ನು 100 ಸೆಂಟಿಮೀಟರ್ ಎತ್ತರಕ್ಕೆ ತಂದು, ಕೊಲಿಮೇಟರ್ ದೀಪದ ಬೆಳಕಿನ ನಾಲ್ಕೂ ಅಂಚಿಗೆ ಒಳಬದಿಯಲ್ಲಿ ತಾಗುವಂತೆ ಒಂದೊಂದು ನಾಣ್ಯ ಇಡು. ಕಡಿಮೆ ಕೆವಿಯಲ್ಲಿ ಒಂದು ಎಕ್ಸ್‌ಪೋಷರ್ ಕೊಡು. ನಾಣ್ಯಗಳು ಚಿತ್ರದಲ್ಲೂ ಅಂಚಿಗೇ ತಾಗಿದ್ದರೆ ಬೆಳಕೂ ಕಿರಣವೂ ಒಂದೇ ಕಡೆ ಬೀಳುತ್ತಿವೆ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಎಂಜಿನಿಯರನ್ನು ಕರೆಸಲು ಮೇಲಧಿಕಾರಿಗಳಿಗೆ ಲಿಖಿತವಾಗಿ ಕೊಡು, ಒಂದು ಪ್ರತಿ ನಿನ್ನ ಬಳಿಯೂ ಇರಲಿ. ಚಿತ್ರ ಹೇಗೆ ಬಂತು ಎಂದು ನನಗೂ ತಿಳಿಸು.

ಇಂತು,
ನಿನ್ನ ಶ್ರೇಯಸ್ಸು ಬಯಸುವ
ಹಳೆಯ ಎಕ್ಸ್‌ರೇ ಟೆಕ್ನಿಷಿಯನ್