ಪ್ರಿಂಟರಿಗೆ ಹೋಗುವ ದಾರಿ

ಪ್ರಿಂಟ್ ಸರ್ವರ್ ಎಂಬುದು ಒಂದೇ ಪ್ರಿಂಟರನ್ನು ಹಲವು ಕಂಪ್ಯೂಟರುಗಳಿಗೆ ಹಂಚಿಕೊಡುವ ಏರ್ಪಾಡು. ಕಂಪ್ಯೂಟರುಗಳು ಕಳುಹಿಸಿದ ಬರಹಗಳನ್ನು ಅದು ಸಾಲಾಗಿ ನಿಲ್ಲಿಸಿಕೊಂಡು, ಒಂದಾದ ಮೇಲೊಂದನ್ನು ಪ್ರಿಂಟರಿಗೆ ಒಪ್ಪಿಸುತ್ತದೆ. ಶಾಲೆಗಳಿಗೆ ಇದರಿಂದ ಹಣದ ಉಳಿತಾಯವುಂಟು. ಆದರೆ ಹೊಸದಾಗಿ ಜೋಡಿಸುವ ದಿನ ‘ಪ್ರಿಂಟರು ಸಿಗುತ್ತಿಲ್ಲ’ ಎಂಬ ಒಂದೇ ಮಾತು ಪರದೆಯ ಮೇಲೆ ಮೂಡಿ, ಜೋಡಿಸುವವರನ್ನು ಕಂಗೆಡಿಸುವುದುಂಟು.

ರಾಜಾಜಿಯವರು 1878ರಲ್ಲಿ ಜನಿಸಿದ ನಮ್ಮ ತೊರಪಲ್ಲಿ ಅಗ್ರಹಾರದ ಕಡೆಯ ಒಂದು ಶಾಲೆಯಲ್ಲಿ ಹೀಗಾಯಿತೆಂದು ಭಾವಿಸೋಣ. ಮರುದಿನ ಪರೀಕ್ಷೆ, ಕನ್ನಡದ ಪ್ರಶ್ನಪತ್ರಿಕೆ ಸಿದ್ಧವಾಗಿದೆ, ಅಚ್ಚಾಗಿಲ್ಲ. ಗಡಿನಾಡಿನಲ್ಲಿ ಕನ್ನಡವನ್ನು ತಪ್ಪಿಲ್ಲದೆ ಅಚ್ಚುಮಾಡಿಕೊಡುವ ಅಂಗಡಿ ಪ್ರತಿ ಬೀದಿಯಲ್ಲಿಯೂ ದೊರೆಯುವುದಿಲ್ಲ. ಆಗ ಅನೇಕರು ಮಾಡುವುದೇನು? ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದು. ಅದೂ ಫಲಿಸದಿದ್ದರೆ ಇನ್ನೊಮ್ಮೆ. ಇದು ವ್ಯರ್ಥ ಶ್ರಮವೆಂದೇ ನಮ್ಮ ಅಭಿಪ್ರಾಯ. ಕೆಲವರಪಲ್ಲಿ ಅಣೆಕಟ್ಟಿನ ಕಾಲುವೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದರೆ ರೈತನು ಗದ್ದೆಯನ್ನು ಮತ್ತೆ ಉಳುವುದಿಲ್ಲ. ಕಾಲುವೆಯ ಗುಂಟ ನಡೆದು, ನೀರು ಎಲ್ಲಿಯವರೆಗೆ ಬಂದಿದೆಯೆಂದು ನೋಡುತ್ತಾನೆ. ಇಲ್ಲಿಯೂ ಹಾಗೆಯೇ ನೋಡಬೇಕು.

ಮೊದಲು ಪ್ರಿಂಟರಿನ ಗುಂಡಿಗಳಿಂದಲೇ ಪರೀಕ್ಷಾ ಹಾಳೆಯೊಂದನ್ನು ತೆಗೆಯಿರಿ. ಅದು ಸರಿಯಾಗಿ ಬಂದರೆ ಯಂತ್ರ, ಶಾಯಿ, ಕಾಗದಗಳಲ್ಲಿ ದೋಷವಿಲ್ಲ, ದೋಷವಿರುವುದು ದಾರಿಯಲ್ಲಿ. ಬಳಿಕ, ಕೇಬಲ್ ಸಿಕ್ಕಿಸಿದ ಸ್ಥಳದ ಪುಟ್ಟ ದೀಪ ಉರಿಯುತ್ತಿದೆಯೆ ಎಂದು ನೋಡಿರಿ. ಉರಿಯದಿದ್ದರೆ ಬೇರೊಂದು ಕೇಬಲ್ ಹಾಕಿ ಪರೀಕ್ಷಿಸುವವರೆಗೆ ಮತ್ತೇನನ್ನೂ ಮುಟ್ಟಬೇಡಿರಿ.

ಇನ್ನು ವಿಳಾಸದ ವಿಷಯ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ನಾಲ್ಕು ಸಂಖ್ಯೆಗಳಿಂದಾದ ಐಪಿ ವಿಳಾಸವೊಂದಿರುತ್ತದೆ. ಅನೇಕ ಪ್ರಿಂಟರುಗಳ ಪರೀಕ್ಷಾ ಹಾಳೆಯಲ್ಲಿಯೇ ಅದು ಅಚ್ಚಾಗಿರುತ್ತದೆ. ಒಳಬಳಕೆಗೆಂದು ಗೊತ್ತುಮಾಡಿದ ವಿಳಾಸಗಳಲ್ಲಿ 192.168 ಎಂದು ಮೊದಲಾಗುವವು ಮನೆ, ಶಾಲೆಗಳಲ್ಲಿ ಹೆಚ್ಚು ಪರಿಚಿತ. ಅದರ ಬದಲು 169.254 ಎಂದು ಕಂಡರೆ, ಪ್ರಿಂಟರು ವಿಳಾಸವನ್ನು ಬೇಡಿ, ರೌಟರಿನಿಂದ ಉತ್ತರ ಬಾರದೆ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ವಿದ್ಯುತ್ತು ಆಗಾಗ ಹೋಗಿಬರುವ ಊರುಗಳಲ್ಲಿ ಮತ್ತೊಂದು ತೊಡಕುಂಟು. ವಿದ್ಯುತ್ತು ಮರಳಿದಾಗ ರೌಟರು ವಿಳಾಸಗಳನ್ನು ಹೊಸದಾಗಿ ಹಂಚಬಹುದು. ನಿನ್ನೆ 192.168.1.20 ಆಗಿದ್ದ ಪ್ರಿಂಟರು ಇಂದು 192.168.1.23 ಆಗುತ್ತದೆ, ಸರ್ವರು ಮಾತ್ರ ಹಳೆಯ ವಿಳಾಸಕ್ಕೇ ಬರಹಗಳನ್ನು ಕಳುಹಿಸುತ್ತಿರುತ್ತದೆ. ಮನೆ ಬದಲಿಸಿದ ನೆಂಟರನ್ನು ಹಳೆಯ ಬಾಡಿಗೆ ಮನೆಯಲ್ಲಿ ಹುಡುಕಿದಂತೆ! ಪ್ರಿಂಟರಿಗೆ ಎಂದೆಂದಿಗೂ ಒಂದೇ ವಿಳಾಸವನ್ನು ಕೊಡುವಂತೆ ರೌಟರಿನಲ್ಲಿ ಕಾದಿರಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆಯೇ ಅಂಟಿಸಿದರೆ ಈ ಕಾಟ ತಪ್ಪುತ್ತದೆ.

ವಿಳಾಸ ತಿಳಿದ ಮೇಲೆ ಸರ್ವರಿನಿಂದ ‘ಪಿಂಗ್’ ಆಜ್ಞೆಯನ್ನು ಕೊಡಿರಿ. ಅಮೆರಿಕದ ಮೈಕ್ ಮೂಸ್ ಎಂಬವರು 1983ರಲ್ಲಿ ರಚಿಸಿದ ಈ ಚಿಕ್ಕ ಸಾಧನಕ್ಕೆ, ನೀರಿನಡಿಯ ವಸ್ತುಗಳನ್ನು ಹುಡುಕುವ ಸೋನಾರಿನ ಸದ್ದಿನಿಂದ ಹೆಸರು ಬಂದಿತು. ಕೂಗಿದರೆ ಓಗೊಡುವುದೆ ಎಂದು ನೋಡುವುದಷ್ಟೇ ಇದರ ಕೆಲಸ. ಓಗೊಟ್ಟಿತೆಂದು ಹಿಗ್ಗುವ ಮುನ್ನ ಪ್ರಿಂಟರನ್ನು ಆರಿಸಿ ಮತ್ತೊಮ್ಮೆ ಕೂಗಿರಿ. ಆಗಲೂ ಉತ್ತರ ಬಂದರೆ ಆ ವಿಳಾಸದಲ್ಲಿ ಬೇರೊಂದು ಯಂತ್ರ ಕುಳಿತಿದೆ!

ಪ್ರಿಂಟರೇ ಓಗೊಟ್ಟೂ ಅಚ್ಚಾಗದಿದ್ದರೆ, ಮನೆ ಸಿಕ್ಕಿದೆ, ಬಾಗಿಲು ಮುಚ್ಚಿದೆ. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಪ್ರಿಂಟರುಗಳು ಸಾಮಾನ್ಯವಾಗಿ 9100, 631 ಅಥವಾ 515ನೆಯ ಪೋರ್ಟಿನಲ್ಲಿ ಬರಹಗಳನ್ನು ಸ್ವೀಕರಿಸುತ್ತವೆ. ಸರ್ವರಿನಲ್ಲಿ ನಮೂದಿಸಿರುವುದು ಪ್ರಿಂಟರು ಒಪ್ಪುವ ಪೋರ್ಟೇ ಎಂದು ನೋಡಬೇಕು. ಸರ್ವರಿನಿಂದ ಅಚ್ಚಾಗಿ, ಉಳಿದ ಕಂಪ್ಯೂಟರುಗಳಿಂದ ಆಗದಿದ್ದರೆ, ಫೈರ್‌ವಾಲ್ ಎಂಬ ಸರ್ವರಿನ ಕಾವಲುಗಾರನು ತಡೆಯುತ್ತಿರಬಹುದು. ಅವನನ್ನು ಕೆಲಸದಿಂದಲೇ ಬಿಡಿಸುವುದು ಸಲ್ಲದು. ಪ್ರಿಂಟರಿನ ಹಂಚಿಕೆಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ವೈಫೈ ಬಳಸುವವರು ಕಂಪ್ಯೂಟರು, ಪ್ರಿಂಟರುಗಳೆರಡೂ ಒಂದೇ ಜಾಲದಲ್ಲಿವೆಯೆ ಎಂಬುದನ್ನೂ ನೋಡಿಕೊಳ್ಳತಕ್ಕದ್ದು.

ಇಷ್ಟಾಗಿ ಹಾಳೆ ಹೊರಬಂದು, ಕನ್ನಡದ ಅಕ್ಷರಗಳ ಸ್ಥಾನದಲ್ಲಿ ಬರಿಯ ಚೌಕಗಳು ಕಂಡರೆ ಜಾಲವನ್ನು ದೂರಬೇಡಿರಿ. ಅದು ಬಹುಮಟ್ಟಿಗೆ ಫಾಂಟಿನ ದೋಷ. ಫಾಂಟನ್ನು ಒಳಗೊಂಡ ಪಿಡಿಎಫ್ ಮಾಡಿ ಕಳುಹಿಸಿದರೆ ಒತ್ತಕ್ಷರಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಬರುತ್ತವೆ.