ಮೆಳ್ಳೆಗಣ್ಣು ಮತ್ತು ಅದರ ಸಂಕೇತಾಂಕ

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬಳು ಮೂರು ವರ್ಷದ ಮಗು. ಇನ್ನೊಬ್ಬರು ಐವತ್ತು ವರ್ಷದ ಗೃಹಸ್ಥರು. ಇಬ್ಬರ ಬಲಗಣ್ಣೂ ಮೂಗಿನ ಕಡೆಗೆ ವಾಲಿದೆ. ನೋಡುವವರಿಗೆ ಎರಡೂ ಮೆಳ್ಳೆಗಣ್ಣೇ. ಆದರೆ ಪರೀಕ್ಷೆಯ ತರುವಾಯ ಮಗುವಿನ ದಾಖಲೆಯಲ್ಲಿ ಎಚ್ 50.0 ಎಂದೂ, ಗೃಹಸ್ಥರ ದಾಖಲೆಯಲ್ಲಿ ಎಚ್ 49.2 ಎಂದೂ ಬರೆಯಲಾಗುತ್ತದೆ. ಈ ಭೇದವೇಕೆ?

ಇವು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣದಲ್ಲಿರುವ ಸಂಕೇತಗಳು. ಎಚ್ 00ರಿಂದ ಎಚ್ 59ರವರೆಗಿನವು ಕಣ್ಣಿಗೆ ಸಂಬಂಧಿಸಿದುವು. ಸ್ನಾಯುಗಳು ನಿಶ್ಶಕ್ತವಾಗಿ ಉಂಟಾಗುವ ಮೆಳ್ಳೆಗೆ 49. ಉಳಿದ ಬಗೆಗಳಿಗೆ 50. ಬಿಂದುವಿನ ಮುಂದಿನ ಅಂಕಿಗೂ ಅರ್ಥವುಂಟು. 50.0 ಎಂದರೆ ಕಣ್ಣು ಒಳಕ್ಕೆ, 50.1 ಎಂದರೆ ಹೊರಕ್ಕೆ, 50.2 ಎಂದರೆ ಮೇಲಕ್ಕೋ ಕೆಳಕ್ಕೋ ವಾಲಿದೆ. 49.0, 49.1, 49.2 ಎಂಬುವು ಕ್ರಮವಾಗಿ ಮೂರನೆಯ, ನಾಲ್ಕನೆಯ, ಆರನೆಯ ಕಪಾಲನರಗಳ ಸೋಲನ್ನು ಸೂಚಿಸುತ್ತವೆ.

ಈ ನಿರ್ಣಯಕ್ಕೆ ನೆರವಾಗುವುದು ನಮ್ಮ ಪ್ರಯೋಗಶಾಲೆಯ ಪರಿಚಿತ ವಸುವಾದ ಗಾಜಿನ ಪಟ್ಟಕ. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸುವ ಪಟ್ಟಕದ ಶಕ್ತಿಯೇ ಒಂದು ಪಟ್ಟಕ ಡಯಾಪ್ಟರ್. ರೋಗಿಯ ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ತೆರೆಯುತ್ತ, ಅವುಗಳ ಚಲನೆ ನಿಲ್ಲುವವರೆಗೆ ಪಟ್ಟಕದ ಶಕ್ತಿಯನ್ನು ಹೆಚ್ಚಿಸಿದರೆ ಮೆಳ್ಳೆಯ ಕೋನ ದೊರೆಯುತ್ತದೆ. ಮಗುವು ಎತ್ತ ನೋಡಿದರೂ ಈ ಕೋನ ಹೆಚ್ಚು ಕಡಿಮೆ ಒಂದೇ. ಗೃಹಸ್ಥರಲ್ಲಾದರೋ ಬಲಕ್ಕೆ ನೋಡಿದಾಗ ಕೋನ ಹೆಚ್ಚುತ್ತದೆ, ಎಡಕ್ಕೆ ನೋಡಿದಾಗ ಕುಗ್ಗುತ್ತದೆ. ಏಕೆಂದರೆ ಬಲಗಣ್ಣನ್ನು ಹೊರಕ್ಕೆಳೆಯುವ ಸ್ನಾಯುವಿಗೆ ಆರನೆಯ ನರದ ಆಜ್ಞೆ ತಲುಪುತ್ತಿಲ್ಲ.

ಆದುದರಿಂದ ಇಬ್ಬರ ದಾರಿಯೂ ಬೇರೆ. ಗೃಹಸ್ಥರಿಗೆ ಥಟ್ಟನೆ ಒಂದು ವಸ್ತು ಎರಡಾಗಿ ಕಾಣತೊಡಗುತ್ತದೆ. ಇದಕ್ಕೆ ಮಧುಮೇಹ ಕಾರಣವಿರಬಹುದು, ತಲೆಬುರುಡೆಯೊಳಗಿನ ಒತ್ತಡವೂ ಇರಬಹುದು, ತಡಮಾಡದೆ ಪರೀಕ್ಷಿಸಬೇಕು. ಮಗುವು ಏನನ್ನೂ ದೂರುವುದಿಲ್ಲ. ಅದರ ಮೆದುಳು ವಾಲಿದ ಕಣ್ಣಿನ ಬಿಂಬವನ್ನೇ ಅಲಕ್ಷಿಸುತ್ತದೆ. ಕ್ರಮೇಣ ಆ ಕಣ್ಣಿನ ದೃಷ್ಟಿ ಮಂದವಾಗುತ್ತದೆ. ಆಗ ದಾಖಲೆಗೆ ಎಚ್ 53.0 ಎಂಬ ಇನ್ನೊಂದು ಸಂಕೇತ ಸೇರುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ನಂಬಿ ಕಾಯುವ ಮನೆಗಳಲ್ಲಿ ಕಳೆದುಹೋಗುವುದು ಈ ದೃಷ್ಟಿಯೇ. ಎಳವೆಯಲ್ಲಿಯೇ ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ, ಅಗತ್ಯವಾದರೆ ಶಸ್ತ್ರಚಿಕಿತ್ಸೆ ಇವುಗಳಿಂದ ಬಹಳಷ್ಟನ್ನು ಉಳಿಸಬಹುದು.

2022ರ ಜನವರಿ 1ರಂದು ಹನ್ನೊಂದನೆಯ ಪರಿಷ್ಕರಣ ಜಾರಿಗೆ ಬಂದಿತು. ಅದರ ಸಂಕೇತಗಳೇ ಬೇರೆ. ಅಂಕಿಗಳು ಬದಲಾಗಲಿ, ಕಣ್ಣು ಎತ್ತ ವಾಲಿದೆ, ಏಕೆ ವಾಲಿದೆ ಎಂಬ ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ.